‘ಆ ಪುಸ್ತಕ ಇಲ್ರಿ’ ಅನ್ನುವ ಮೊದಲು: ಹಳ್ಳಿಯ ಗ್ರಂಥಾಲಯದಲ್ಲಿ ಪರಾಮರ್ಶನ ಸೇವೆ

ಪ್ರಶ್ನೆ: ಜಮಖಂಡಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಚೆಗೆ ಮೇಲ್ವಿಚಾರಕಿಯಾಗಿ ಬಂದಿದ್ದೇನೆ. ಪೇಪರ್ ಓದುವವರು, ಪರೀಕ್ಷೆಗೆ ತಯಾರಿ ನಡೆಸುವ ಹುಡುಗರು ತಮ್ಮಷ್ಟಕ್ಕೆ ಬಂದು ಹೋಗುತ್ತಾರೆ. ಹೊಲದ ಕಾಗದ, ಊರಿನ ಇತಿಹಾಸ, ಬೆಳೆ ರೋಗ, ಮಕ್ಕಳ ಪ್ರಾಜೆಕ್ಟು ಅಂತ ಏನಾದರೂ ಕೇಳಿಕೊಂಡು ಬಂದವರನ್ನು ಮಾತ್ರ ‘ಆ ಪುಸ್ತಕ ಇಲ್ಲ’ ಎಂದು ಹೇಳಿ ಕಳಿಸುವುದೇ ಆಗಿದೆ. ಇರುವುದು ನಾಲ್ಕು ಕಪಾಟು, ಒಂದು ಕಂಪ್ಯೂಟರ್. ಇಷ್ಟರಲ್ಲಿ ಏನು ಮಾಡಬಹುದು?

ಉತ್ತರ: ಬಹಳಷ್ಟು ಮಾಡಬಹುದು. ಬಂದವರು ಬಾಯಿಬಿಟ್ಟು ಕೇಳುವುದು ಹೆಚ್ಚಾಗಿ ಪುಸ್ತಕವನ್ನು. ಅವರಿಗೆ ಬೇಕಾಗಿರುವುದು ಒಂದು ಸಂಗತಿ, ಒಂದು ಕಾಗದ ಅಥವಾ ಒಂದು ವಿಳಾಸ. ಗ್ರಂಥಾಲಯಕ್ಕೆ ಹೋದರೆ ಪುಸ್ತಕವನ್ನೇ ಕೇಳಬೇಕು ಎಂದುಕೊಂಡು ಅವರು ತಮ್ಮ ಪ್ರಶ್ನೆಯನ್ನು ಪುಸ್ತಕದ ಹೆಸರಿಗೆ ತಿರುಗಿಸಿಕೊಂಡು ಬಂದಿರುತ್ತಾರೆ. ಅದನ್ನು ಬಿಡಿಸಿ ಕೇಳುವುದೇ ಪರಾಮರ್ಶನ ಸೇವೆಯ, ಅಂದರೆ ಕೇಳಿ ಬಂದವರಿಗೆ ಬೇಕಾದ ಮಾಹಿತಿ ಹುಡುಕಿಕೊಡುವ ಸೇವೆಯ, ಅರ್ಧ ಕೆಲಸ, ಅದಕ್ಕೆ ಕಪಾಟು ಬೇಕಿಲ್ಲ.

ಒಬ್ಬ ಹಿರಿಯರು ಬಂದು, “ಯವ್ವಾ, ಹೊಲದ ಕಾನೂನಿನ ಪುಸ್ತಕ ಐತೇನ?” ಎಂದರು ಅಂದುಕೊಳ್ಳಿ. ಕಪಾಟಿನತ್ತ ತಿರುಗಬೇಡಿ. “ಕೂಡ್ರಿ ಕಾಕಾ. ಹೊಲದ್ದು ಏನ್ ನೋಡಬೇಕಾಗೇತ್ರಿ?” ಎನ್ನಿ. “ತಮ್ಮನ ಹೆಸರಿಗೆ ಉತಾರ ಬಂದೈತಿ, ನನ್ನ ಹೆಸರಿಲ್ಲ.” ಈಗ ಇನ್ನೊಂದು ಪ್ರಶ್ನೆ: “ಅಪ್ಪಾರು ಹೋದ ಮ್ಯಾಲೆ ವಾರಸಾ ಆಗಿದ್ದೇನ್ರಿ, ಇಲ್ಲಾ ವಾಟ್ನಿ ಆಗಿದ್ದೇನ್ರಿ?” “ಅದಾ ಗೊತ್ತಿಲ್ಲ ನೋಡು.” (ಉತಾರ ಅಂದರೆ ಪಹಣಿ, ವಾರಸಾ ಅಂದರೆ ವಾರಸುದಾರರ ಹೆಸರಿಗೆ ಬರುವುದು, ವಾಟ್ನಿ ಅಂದರೆ ಪಾಲು ಹಂಚಿಕೆ.) ಅವರಿಗೆ ಕಾನೂನಿನ ಪುಸ್ತಕ ಬೇಡ. ಯಾವ ಆಧಾರದ ಮೇಲೆ ಹೆಸರು ಬದಲಾಯಿತು ಎಂದು ತೋರಿಸುವ ಮ್ಯುಟೇಶನ್ ಪ್ರತಿ ಬೇಕು. ಸರ್ವೆ ನಂಬರು, ಹಿಸ್ಸಾ ನಂಬರು ಗೊತ್ತಿದ್ದರೆ ಸರ್ಕಾರದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದ ಪಹಣಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ನೋಡಬಹುದು. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಯಾವ ರೀತಿಯಿಂದ ಬಂತು ಎಂಬುದು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ. 10ನೇ ಕಾಲಮ್ಮಿನ ಎಂ.ಆರ್. (ಮ್ಯುಟೇಶನ್) ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ, ತಹಶೀಲ್ದಾರ್ ಕಚೇರಿಯ ಭೂಮಿ ಕೇಂದ್ರದಲ್ಲಿ ಏನು ಕೇಳಬೇಕೆಂದು ಅವರಿಗೆ ಖಚಿತವಾಗಿ ತಿಳಿದಿರುತ್ತದೆ.

ಈ ಸಂಭಾಷಣೆಯಲ್ಲಿ ಗಮನಿಸಬೇಕಾದ್ದು ಮೂರಿವೆ. ಮೊದಲನೆಯದು, ‘ಯಾಕ ಬೇಕ್ರಿ?’ ಎಂದು ಕೇಳಬಾರದು. ನಮ್ಮ ಕಡೆ ಆ ಮಾತು ವಿಚಾರಣೆಯಂತೆ ಕೇಳಿಸುತ್ತದೆ. ಹೊಲ, ಮದುವೆ, ರೋಗ, ಸಾಲದ ವಿಷಯವಿದ್ದರಂತೂ ಮಂದಿ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಏನ್ ತಿಳ್ಕೋಬೇಕಾಗೇತ್ರಿ?’, ‘ಈಗ ನಿಮ್ಮ ಹತ್ರ ಏನೇನೈತ್ರಿ?’, ‘ಯಾವ ಕೆಲಸಕ್ಕ ಅಡ್ಡಾಗೇತ್ರಿ?’ ಎಂದು ಕೇಳಿದರೆ ಅದೇ ಮಾಹಿತಿ ಸಲೀಸಾಗಿ ಬರುತ್ತದೆ. ಎರಡನೆಯದು, ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಯನ್ನು ಮೊದಲೇ ಕೇಳಬೇಡಿ. ‘ಪಹಣಿ ಬೇಕೇನ್ರಿ?’ ಎಂದರೆ ಅವರು ‘ಹೂಂ’ ಎಂದುಬಿಡುತ್ತಾರೆ, ಪಹಣಿ ಅವರ ಕಿಸೆಯಲ್ಲೇ ಇದ್ದರೂ. ಮೂರನೆಯದು, ಹುಡುಕಲು ಏಳುವ ಮೊದಲು ಅವರ ಮಾತನ್ನು ಅವರಿಗೇ ತಿರುಗಿ ಹೇಳಿ: “ಅಂದ್ರ ತಮ್ಮನ ಹೆಸರು ಹೆಂಗ ಏರಿತು ಅನ್ನೂದರ ಕಾಗದ ಬೇಕಾಗೇತಿ, ಹೌದಲ್ರಿ?” ತಪ್ಪು ತಿಳಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅರ್ಧ ತಾಸಿನ ಹುಡುಕಾಟ ಉಳಿಯುತ್ತದೆ.

ಉತ್ತರ ಕೊಟ್ಟ ಮೇಲೆ ‘ಆತಲ್ರಿ?’ ಎಂದು ಮುಗಿಸುವುದು ರೂಢಿ. ಅದಕ್ಕೆ ಎಲ್ಲರೂ ‘ಆತ್ರಿ’ ಎಂದೇ ಎದ್ದು ಹೋಗುತ್ತಾರೆ. ‘ನೀವು ಕೇಳಿದ್ದಕ್ಕ ಇದು ಪೂರ್ತಿ ಆತೇನ್ರಿ, ಇನ್ನೇನರ ಉಳೀತ್ರಿ?’ ಎಂದು ಕೇಳಿ. ಮರೆತದ್ದು, ಹೇಳಲು ಸಂಕೋಚಪಟ್ಟದ್ದು ಆ ಕೊನೆಯ ಪ್ರಶ್ನೆಗೆ ಹೊರಬರುತ್ತದೆ. ಹೆಣ್ಣುಮಕ್ಕಳು ಪೇಪರ್ ಓದುವ ಗಂಡಸರ ಗುಂಪಿನ ಮುಂದೆ ಏನನ್ನೂ ಕೇಳುವುದಿಲ್ಲ. ನಿಮ್ಮ ಮೇಜಿನ ಪಕ್ಕಕ್ಕೆ, ಕೋಣೆಗೆ ಬೆನ್ನು ಮಾಡಿ ಒಂದು ಕುರ್ಚಿ ಇಡಿ. ಖರ್ಚಿಲ್ಲದ ಈ ಬದಲಾವಣೆಗೆ ದೊಡ್ಡ ಫಲವಿದೆ.

ಇನ್ನು ಹುಡುಕುವ ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಊರಿನ ಮಾಹಿತಿ ಹುಡುಕುವವರು ಎಡವುವುದು ಹೆಸರು ಮತ್ತು ಗಡಿಗಳಲ್ಲಿ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಯಾವ ಪುಸ್ತಕದಲ್ಲೂ ಆ ಹೆಸರಿನ ಜಿಲ್ಲೆ ಸಿಗದು, ಹೆಚ್ಚಿನದು ಬಿಜಾಪುರದ ಅಡಿಯಲ್ಲಿದೆ. 1956ಕ್ಕಿಂತ ಮೊದಲು ಈ ಭಾಗ ಮುಂಬಯಿಗೆ ಸೇರಿತ್ತು. ಆದ್ದರಿಂದ ಮುಂಬಯಿ ಪ್ರಾಂತದ ಗೆಜೆಟಿಯರ್, ಅಂದರೆ ಜಿಲ್ಲೆಗಳ ಸರ್ಕಾರಿ ವಿವರ ಗ್ರಂಥಮಾಲೆ, ನೋಡಬೇಕು: 21ನೇ ಸಂಪುಟ ಬೆಳಗಾವಿ, 23ನೇ ಸಂಪುಟ ಬಿಜಾಪುರ, ಎರಡೂ 1884ರವು. ನಿಮ್ಮ ತಾಲೂಕಿಗೆ ಇನ್ನೊಂದು ತಿರುವು ಇದೆ. ಜಮಖಂಡಿ ಮತ್ತು ಮುಧೋಳ 1948ರವರೆಗೆ ಸಂಸ್ಥಾನಗಳಾಗಿದ್ದವು. ಬಿಜಾಪುರದ ಸಂಪುಟದಲ್ಲಿ ನಿಮ್ಮ ಊರು ಕಾಣದಿದ್ದರೆ ಊರು ಹೊಸದೆಂದು ತೀರ್ಮಾನಿಸಬೇಡಿ, ದಕ್ಷಿಣ ಮರಾಠಾ ಜಹಗೀರುಗಳನ್ನು ಸೇರಿಸಿಕೊಂಡಿರುವ ಕೊಲ್ಹಾಪುರದ ಸಂಪುಟ, ಅಂದರೆ 24ನೆಯದು, ತೆಗೆಯಿರಿ. ಇವೆಲ್ಲ ಇಂಗ್ಲಿಷಿನಲ್ಲಿವೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬೇಕಾದ ಎರಡು ಪುಟವನ್ನಷ್ಟೇ ಮುದ್ರಿಸಿ, ಮೇಲೆ ಸಂಪುಟ ಮತ್ತು ಪುಟದ ಸಂಖ್ಯೆ ಬರೆದು ಕೊಡಿ.

ತಾಲೂಕುಗಳೂ ಒಡೆದಿವೆ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಹಳ್ಳಿಯ ಮನೆ, ಜನಸಂಖ್ಯೆ, ಶಾಲೆ, ನೀರಿನ ವಿವರಗಳಿವೆ. ಮಕ್ಕಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಆಕರ ಇಲ್ಲ. ಅದರಲ್ಲಿ ರಬಕವಿ-ಬನಹಟ್ಟಿ ತಾಲೂಕಿನ ಹಳ್ಳಿಯನ್ನು ಹೆಚ್ಚಾಗಿ ಜಮಖಂಡಿಯಲ್ಲಿ ಹುಡುಕಬೇಕು. ಹಾಗೆಯೇ ಹೆಚ್ಚಾಗಿ ಇಳಕಲ್ಲಿನದು ಹುನಗುಂದದಲ್ಲಿ, ಗುಳೇದಗುಡ್ಡದ್ದು ಬಾದಾಮಿಯಲ್ಲಿ, ಮೂಡಲಗಿಯದು ಗೋಕಾಕದಲ್ಲಿ, ಚಡಚಣದ್ದು ಇಂಡಿಯಲ್ಲಿ, ತಾಳಿಕೋಟೆಯದು ಮುದ್ದೇಬಿಹಾಳದಲ್ಲಿ. ಈ ಪಟ್ಟಿಯನ್ನು ಒಂದು ರಟ್ಟಿಗೆ ಅಂಟಿಸಿ ಮೇಜಿನ ಮೇಲಿಟ್ಟುಕೊಳ್ಳಿ.

ಶಾಸನ ಕೇಳಿಕೊಂಡು ಬರುವವರು ನಮ್ಮ ಕಡೆ ಹೆಚ್ಚು. ಗುಡಿಯ ಮುಂದಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ಊರಿನವರಿಗೆಲ್ಲ ಕುತೂಹಲ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರು ಕೇಳಿ ಅದನ್ನೇ ಹುಡುಕಿ ಸುಸ್ತಾದವರು ಬಹಳ. ಬಿ.ಎಲ್. ರೈಸ್ ಆರಂಭಿಸಿದ ಆ ಮಾಲೆ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳದು, ಮುಂಬಯಿ ಕರ್ನಾಟಕದ ಊರುಗಳು ಅದರಲ್ಲಿಲ್ಲ. ನಮ್ಮ ಭಾಗಕ್ಕೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳನ್ನು ನೋಡಬೇಕು. ಅವುಗಳ ಹೆಸರೇ ಬಾಂಬೆ-ಕರ್ನಾಟಕ ಶಾಸನಗಳು. ಜೆ.ಎಫ್. ಫ್ಲೀಟ್ ಓದಿದ ಅನೇಕ ಶಾಸನಗಳು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿವೆ. ಹುಡುಕುವಾಗ ಊರಿನ ಈಗಿನ ಹೆಸರನ್ನು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲೂ ಪ್ರಯತ್ನಿಸಿ.

ಮೋಡಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯ, ಕಾಗದಗಳದ್ದು ಬೇರೆ ಪಾಡು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಖರೀದಿ ಪತ್ರವೋ ಸಂಸ್ಥಾನದ ಸನದೋ ಬಂದರೆ, ಮರಾಠಿ ಬಲ್ಲವರಿಗೂ ಅದು ಓದಲು ಬರುವುದಿಲ್ಲ. ಲಿಪಿ ಬೇರೆ. ಊಹೆಯ ಮೇಲೆ ಅರ್ಥ ಹೇಳಬೇಡಿ. ಹೊಲದ ವ್ಯಾಜ್ಯ ಇಂಥ ಒಂದು ಶಬ್ದದ ಮೇಲೆ ನಿಂತಿರುತ್ತದೆ. ಕಾಗದವನ್ನು ಮಡಿಸದೆ, ಅಂಟುಪಟ್ಟಿ ಹಚ್ಚದೆ, ಹಗಲು ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಲು ಹೇಳಿ. ಮೋಡಿ ಓದಬಲ್ಲವರು ನಿಮ್ಮ ತಾಲೂಕಿನಲ್ಲಿ ಯಾರಿದ್ದಾರೆಂದು ಮೊದಲೇ ವಿಚಾರಿಸಿ, ಅವರ ಒಪ್ಪಿಗೆ ಪಡೆದು ಹೆಸರು ಬರೆದಿಟ್ಟುಕೊಳ್ಳಿ.

ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಹುಡುಕುವಾಗ ಏನೂ ಸಿಗದಿದ್ದರೆ, ಮಾಹಿತಿಯೇ ಇಲ್ಲ ಎಂದು ತಿಳಿಯಬೇಡಿ. ಹಳೆಯ ಸುತ್ತೋಲೆ, ಆದೇಶಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ನಮ್ಮ ಕಣ್ಣಿಗೆ ಅವು ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಅಕ್ಷರ ಕಲಸಿಕೊಂಡರೆ ಅದು ಯಂತ್ರ ಓದಬಲ್ಲ ಯೂನಿಕೋಡ್ ಅಲ್ಲ, ಏನೂ ಅಂಟದಿದ್ದರೆ ಅದು ಬರೀ ಚಿತ್ರ. ಎರಡಕ್ಕೂ ಉಪಾಯ ಒಂದೇ: ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕುವುದು. ಕಾಗುಣಿತವನ್ನೂ ಬದಲಿಸಿ ನೋಡಬೇಕು. ಪಂಚಾಯಿತಿ, ಪಂಚಾಯತಿ, ಪಂಚಾಯತ್ ಮೂರೂ ಚಾಲ್ತಿಯಲ್ಲಿವೆ. ಬೆಳಗಾಂ ಮತ್ತು ಬಿಜಾಪುರ 2014ರ ನವೆಂಬರ್ 1ರಿಂದ ಬೆಳಗಾವಿ, ವಿಜಯಪುರ ಆದವು, ಅದಕ್ಕಿಂತ ಹಿಂದಿನ ದಾಖಲೆಗೆ ಹಳೆಯ ಹೆಸರನ್ನೇ ಕೊಡಬೇಕು. ವಿಜಯಪುರದಲ್ಲಿ ಇನ್ನೂ ಒಂದು ಮೋಸವಿದೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ, ಛತ್ತೀಸಗಡದಲ್ಲಿ ಒಂದು ಬಿಜಾಪುರ ಜಿಲ್ಲೆ ಇದೆ. ಜೊತೆಗೆ ತಾಲೂಕಿನ ಹೆಸರು ಸೇರಿಸದೆ ಹುಡುಕಬೇಡಿ.

ಎರಡು ಪುಸ್ತಕಗಳಲ್ಲಿ ಎರಡು ಅಂಕಿ ಸಿಕ್ಕರೆ ಒಂದು ತಪ್ಪು ಎಂದು ತಕ್ಷಣ ಹೇಳಬಾರದು. ಆಲಮಟ್ಟಿ ಅಣೆಕಟ್ಟೆಯ ಎತ್ತರ ಕೇಳಿ ಮಕ್ಕಳು ಆಗಾಗ ಬರುತ್ತಾರೆ. ಒಂದು ಕಡೆ 519.60 ಮೀಟರ್ ಎಂದಿರುತ್ತದೆ, ಇನ್ನೊಂದು ಕಡೆ 524.256 ಮೀಟರ್. ಎರಡೂ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ನೀರಿನ ಮಟ್ಟಗಳು, ಗೋಡೆಯ ಎತ್ತರವಲ್ಲ. ಮೊದಲನೆಯದು ಈಗ ನೀರು ನಿಲ್ಲಿಸುವ ಮಟ್ಟ. ಎರಡನೆಯದು, ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿದ ಮಟ್ಟ. ಯಾವ ಅಂಕಿ ಯಾವುದರದು, ಯಾವ ವರ್ಷದ್ದು ಎಂದು ಬಿಡಿಸಿ ಹೇಳಿದರೆ ಆ ಮಗು ಅಂಕಿಯ ಜೊತೆಗೆ ಅಂಕಿ ಓದುವುದನ್ನೂ ಕಲಿಯುತ್ತದೆ. ಎಲ್ಲ ಉತ್ತರಕ್ಕೂ ಆಕರದ ಹೆಸರು, ವರ್ಷ, ಪುಟ ಹೇಳುವುದನ್ನು ತಪ್ಪಿಸಬೇಡಿ. ‘ನನಗೆ ಗೊತ್ತು’ ಎಂಬುದು ಆಕರವಲ್ಲ, ಖಂಡಿತವಾಗಿ ಗೊತ್ತಿದ್ದರೂ ಪುಸ್ತಕ ತೆರೆದು ತೋರಿಸಿ.

ವಾಟ್ಸಾಪಿನಲ್ಲಿ ಬಂದ ವಚನ ಹಿಡಿದು ‘ಇದು ಬಸವಣ್ಣನವರದೇ ಏನ್ರಿ?’ ಎಂದು ಕೇಳುವವರಿದ್ದಾರೆ. ಭಾಷಣಕ್ಕೋ ಶಾಲೆಯ ಗೋಡೆಗೋ ಅದು ಬೇಕಾಗಿರುತ್ತದೆ. ಮೊದಲು ಅಂಕಿತ ನೋಡಿ. ಕೂಡಲಸಂಗಮದೇವ ಬಸವಣ್ಣನವರದು, ಕೂಡಲಚನ್ನಸಂಗಮದೇವ ಚನ್ನಬಸವಣ್ಣನವರದು, ಗುಹೇಶ್ವರ ಅಲ್ಲಮರದು, ಚನ್ನಮಲ್ಲಿಕಾರ್ಜುನ ಅಕ್ಕನದು, ರಾಮನಾಥ ಜೇಡರ ದಾಸಿಮಯ್ಯನವರದು. ಅಂಕಿತ ತಾಳೆಯಾದ ಮಾತ್ರಕ್ಕೆ ಅಸಲಿ ಎನ್ನಲಾಗದು, ಕೊನೆಯ ಸಾಲನ್ನು ಯಾರು ಬೇಕಾದರೂ ಜೋಡಿಸಬಹುದು. ವಚನದ ನಡುವಿನಿಂದ ಅಪರೂಪದ ಒಂದು ಶಬ್ದ ಆರಿಸಿ ‘ವಚನ ಸಂಚಯ’ ಜಾಲತಾಣದಲ್ಲಿ ಹುಡುಕಿ. ದೇವರು, ಶಿವ, ಭಕ್ತಿ ಎಂಬ ಶಬ್ದಗಳನ್ನು ಕೊಟ್ಟರೆ ಸಾವಿರಗಟ್ಟಲೆ ಬರುತ್ತವೆ, ಉಪಯೋಗವಿಲ್ಲ. ಸಿಗದಿದ್ದರೆ ಶಬ್ದದ ಹಳೆಯ ರೂಪ ಕೊಟ್ಟು ನೋಡಿ. ಆಗಲೂ ಇಲ್ಲವೆಂದರೆ ‘ಪ್ರಕಟಿತ ಸಂಪುಟಗಳಲ್ಲಿ ನನಗೆ ಸಿಗಲಿಲ್ಲ’ ಎನ್ನಿ, ‘ಸುಳ್ಳು ವಚನ’ ಎನ್ನಬೇಡಿ. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15. ಹಸ್ತಪ್ರತಿಗಳಿಗಾಗಿ ಊರೂರು ಅಲೆದ ಡಾ. ಫ.ಗು. ಹಳಕಟ್ಟಿಯವರು ಕೆಲಸ ಮಾಡಿದ್ದು ವಿಜಯಪುರದಲ್ಲಿ. ನಮ್ಮ ನೆಲದ ಈ ಸಂಪತ್ತಿನ ಬಗ್ಗೆ ನಮ್ಮ ಗ್ರಂಥಾಲಯಗಳೇ ತಪ್ಪು ಹೇಳಬಾರದು.

ಪರೀಕ್ಷೆಯ ಹುಡುಗರ ಪ್ರಶ್ನೆಗಳಿಗೆ ಅಧಿಸೂಚನೆಯ ಮೂಲ ಪ್ರತಿ ತೆರೆದು ತೋರಿಸುವುದೊಂದೇ ದಾರಿ. ಯೂಟ್ಯೂಬಿನ ಮಾತು, ಕೋಚಿಂಗಿನ ಚಿತ್ರ ಆಧಾರವಲ್ಲ. ವಿಜಯಪುರದ ಇಂಡಿ, ಸಿಂದಗಿ ಕಡೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ತಮಗೂ ಸಿಗುತ್ತದೆಂದು ತಿಳಿದವರಿದ್ದಾರೆ, ಪಕ್ಕದ ಕಲಬುರಗಿಯವರಿಗೆ ಸಿಗುತ್ತದಲ್ಲ ಎಂದು. ಅದು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ ಮಾತ್ರ. ಅರ್ಜಿಯಲ್ಲಿ ತಪ್ಪು ಕಾಲಮ್ಮು ತುಂಬಿದ ಮೇಲೆ ತಿಳಿದರೆ ಒಂದು ವರ್ಷ ಹೋಗುತ್ತದೆ, ಆದ್ದರಿಂದ ಕೇಳದಿದ್ದರೂ ಹೇಳಿ.

ಬೆಳೆ, ಕಾನೂನು, ಆರೋಗ್ಯ ಈ ಮೂರರಲ್ಲಿ ನಿಮ್ಮ ಗೆರೆ ಎಲ್ಲಿದೆ ಎಂದು ಮನಸ್ಸಿನಲ್ಲಿ ಸ್ಪಷ್ಟವಿರಲಿ. ಆಕರ ಹುಡುಕಿ ಕೊಡುವುದು, ಓದಲು ಬಾರದವರಿಗೆ ಅದರಲ್ಲಿ ಇದ್ದದ್ದನ್ನು ಇದ್ದಂತೆ ಓದಿ ಹೇಳುವುದು ನಿಮ್ಮ ಕೆಲಸ. ‘ನಿಮಗೆ ಇದೇ ರೋಗ’, ‘ಕೋರ್ಟಿಗೆ ಹೋಗ್ರಿ, ಗೆಲ್ತೀರಿ’ ಎನ್ನುವುದು ನಿಮ್ಮ ಕೆಲಸವಲ್ಲ. ದಾಳಿಂಬೆ ಎಲೆಯ ಮೇಲೆ ಎಣ್ಣೆ ಹನಿಸಿದಂಥ ಚುಕ್ಕಿ ಕಂಡರೆ ದುಂಡಾಣು ಅಂಗಮಾರಿ ಇರಬಹುದು, ಬೇರೆಯೂ ಇರಬಹುದು. ಎರಡಕ್ಕೂ ಸಿಂಪರಣೆ ಬೇರೆ, ತಪ್ಪಿದರೆ ರೈತರ ದುಡ್ಡು ಮಣ್ಣಾಗುತ್ತದೆ. ಎಲೆಯ ಎರಡೂ ಬದಿ, ಕಾಯಿ, ಕಾಂಡ, ಇಡೀ ಗಿಡ ಹೀಗೆ ನಾಲ್ಕೈದು ಫೋಟೋ ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ತೋರಿಸಲು ಹೇಳಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಉಚಿತ ಸಂಖ್ಯೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತನಾಡುತ್ತಾರೆ. ಕಾನೂನಿನ ನೆರವಿಗೆ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿದೆ. ಇದು ಗೊತ್ತಿಲ್ಲದೆ ಸಾಲ ಮಾಡಿ ವಕೀಲರನ್ನು ಹಿಡಿಯುವ ಮನೆಗಳು ಇನ್ನೂ ಇವೆ.

ಬೇರೆ ಕಚೇರಿಗೆ ಕಳಿಸುವಾಗ ‘ತಾಲೂಕು ಆಫೀಸಿನ್ಯಾಗ ಕೇಳ್ರಿ’ ಎಂದು ಬಾಯಿಮಾತಿನಲ್ಲಿ ಕಳಿಸಿದರೆ ಅವರು ಮೂರು ಟೇಬಲ್ ಸುತ್ತಿ, ಒಂದು ದಿನದ ಪಗಾರ ಮತ್ತು ಬಸ್ ಖರ್ಚು ಕಳೆದುಕೊಂಡು ಬರುತ್ತಾರೆ. ಕಾಲು ಹಾಳೆಯ ಚೀಟಿ ಕೊಡಿ. ಯಾವ ಕಚೇರಿ, ಯಾವ ವಿಭಾಗ, ಬೇಕಾದ ಕಾಗದದ ಸರಿಯಾದ ಹೆಸರು, ಒಯ್ಯಬೇಕಾದ ದಾಖಲೆ, ಇಲ್ಲಿ ಈಗಾಗಲೇ ನೋಡಿದ್ದೇನು, ಇಷ್ಟು ಅದರಲ್ಲಿರಲಿ. ಸಾಧ್ಯವಿದ್ದರೆ ಅವರ ಎದುರಿಗೇ ಫೋನು ಮಾಡಿ ಆ ದಿನ ಸಂಬಂಧಪಟ್ಟವರು ಇರುತ್ತಾರೋ ವಿಚಾರಿಸಿ. ಕಚೇರಿ ಕಾಗದ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಇದೆ: ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎರಡು ವಿಷಯ ಬೆರೆಸಿ ಬರೆದ ಅರ್ಜಿಗಳು ಇದೇ ಕಾರಣಕ್ಕೆ ತಿರಸ್ಕೃತವಾಗುತ್ತವೆ.

ಕಪಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕನ್ನಡ ನಿಘಂಟು, ಒಂದು ಇಂಗ್ಲಿಷ್-ಕನ್ನಡ ನಿಘಂಟು, ಒಂದು ಭೂಪಟ, ಜಿಲ್ಲಾ ಅಂಕಿಅಂಶದ ಪುಸ್ತಕ, ಭಾರತದ ಸಂವಿಧಾನದ ಕನ್ನಡ ಪ್ರತಿ, ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕ್ರಮಗಳ ಪುಸ್ತಕ ಇಷ್ಟಿದ್ದರೆ ನಿತ್ಯದ ಕೆಲಸ ಸಾಗುತ್ತದೆ. ಇವನ್ನು ಮನೆಗೆ ಕೊಡಬೇಡಿ, ಕೈಗೆಟುಕುವಂತೆ ಮೇಜಿನ ಹತ್ತಿರವೇ ಇಡಿ. ಉಳಿದದ್ದಕ್ಕೆ ಅಂತರ್ಜಾಲದಲ್ಲಿ ಭಾರತವಾಣಿಯ ನಿಘಂಟುಗಳು, ಕನ್ನಡ ಜ್ಞಾನಕೋಶ ‘ಕಣಜ’, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇವೆ.

ಕಂಪ್ಯೂಟರಿನ ಮುಂದೆ ಒಂದು ಶಿಸ್ತು ಕಡ್ಡಾಯ. ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿಯನ್ನು ಅವರೇ ಒತ್ತಬೇಕು. ನೀವು ಪಕ್ಕದಲ್ಲಿ ಕುಳಿತು ಬೆರಳು ತೋರಿಸಿ, ಅವರ ಫೋನನ್ನು ಕೈಗೆ ತೆಗೆದುಕೊಳ್ಳಬೇಡಿ. ಓದಲು ಬಾರದವರು ‘ನೀವಾ ಮಾಡ್ರಿ’ ಎಂದು ಒತ್ತಾಯಿಸುತ್ತಾರೆ. ಅವರ ಮನೆಯವರೊಬ್ಬರನ್ನು ಕರೆಸುವುದು ಇಬ್ಬರಿಗೂ ಕ್ಷೇಮ. ಎದ್ದು ಹೋದ ಮೇಲೆ ಖಾತೆಯಿಂದ ಹೊರಬಂದಿದೆಯೇ ನೋಡಿ, ಇಳಿಸಿಕೊಂಡ ಕಡತ ಮತ್ತು ಬ್ರೌಸರಿನ ಇತಿಹಾಸ ಅಳಿಸಿ. ಪಹಣಿಯ ಪ್ರತಿಯನ್ನು ಪ್ರಿಂಟರಿನ ಮೇಲೆ ಮರೆತು ಬಿಟ್ಟರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಕೊನೆಯದಾಗಿ ಒಂದು ನೋಟ್‌ಬುಕ್ ಮಾಡಿ. ದಿನಾಂಕ, ಅವರು ಕೇಳಿದ ಮಾತು ಅವರದೇ ಶಬ್ದದಲ್ಲಿ, ನಿಜವಾಗಿ ಬೇಕಾಗಿದ್ದು, ಎಲ್ಲಿ ಸಿಕ್ಕಿತು, ಸಿಗದಿದ್ದರೆ ಎಲ್ಲಿಗೆ ಕಳಿಸಿದಿರಿ: ಐದು ಕಾಲಮ್ಮು ಸಾಕು. ಕೇಳಿದವರ ಹೆಸರು ಬರೆಯಬೇಡಿ. ಮೇಜಿನ ಮುಂದೆಯೇ ಐದು ನಿಮಿಷದಲ್ಲಿ ಸಿಗದಿದ್ದರೆ ಅವರನ್ನು ಕಾಯಿಸದೆ, ‘ಗುರುವಾರ ಸಂಜಿಮುಂದ ಬರ್ರಿ’ ಎಂದು ದಿನ ಹೇಳಿ, ಅದನ್ನೂ ಅಲ್ಲೇ ಬರೆದುಕೊಳ್ಳಿ, ಸಿಗದಿದ್ದರೂ ಆ ದಿನ ಅವರಿಗೆ ತಿಳಿಸಿ. ‘ಓದುಗರ ಸಮಯ ಉಳಿಸಿ’ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಹೊಲ ಬಿಟ್ಟು ಬಂದವರ ವಿಷಯದಲ್ಲಿ ಅದು ಇನ್ನೂ ದೊಡ್ಡ ಮಾತು. ತಿಂಗಳಿಗೊಮ್ಮೆ ‘ಸಿಗಲಿಲ್ಲ’ ಎಂದು ಬರೆದವನ್ನಷ್ಟೇ ಪಟ್ಟಿ ಮಾಡಿ, ಒಂದೇ ವಿಷಯ ಮೂರು ಸಲ ಬಂದಿದ್ದರೆ ಅದರ ಪುಸ್ತಕವನ್ನು ಹೆಸರು, ಪ್ರಕಾಶಕರು, ಬೆಲೆ ಸಮೇತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತವಾಗಿ ಕೊಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿರುವುದರಿಂದ, ಬೇಡಿಕೆ ಸಲ್ಲಿಸಬೇಕಾದ ಜಾಗ ನಿಮ್ಮ ಪಂಚಾಯಿತಿಯೇ. ಪತ್ರದ ಜೊತೆ ಆ ತಿಂಗಳ ನೋಟ್‌ಬುಕ್ಕಿನ ಪುಟದ ಪ್ರತಿಯನ್ನೂ ಲಗತ್ತಿಸಿ, ಸ್ವೀಕೃತಿ ಸಹಿ ಪಡೆದುಕೊಳ್ಳಿ.